ಮಿರ್ಜಾನದಲ್ಲಿ ಇಳಿದ ಮೇಲೆ?

ಮಿರ್ಜಾನ ಕೋಟೆ ನೋಡೋಕೆ ಹೆಚ್ಚಿನವರು ಕಾರಲ್ಲೇ ಬರ್ತಾರೆ. ಆದರೆ ಇಲ್ಲಿಗೆ ರೈಲೂ ಉಂಟು. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲುಮಾರ್ಗ, ಹೆದ್ದಾರಿ 66 ಎರಡೂ ಊರನ್ನು ಹಾದುಹೋಗುತ್ತವೆ.

ನಾನು ಪ್ಯಾಸೆಂಜರ್‌ನಲ್ಲಿ ಬಂದಿಳಿದೆ. ಹೊರಗೆ ಬಸ್ಸಿಲ್ಲ. ಕಾರವಾರದ ಆಸ್ಪತ್ರೆಯಿಂದ ವಾಪಸಾಗಿದ್ದ ಅಜ್ಜಿಯೊಬ್ಬರು ಚೀಲ ಹೊತ್ತು ನಡೆಯುತ್ತಾ, "ರೈಲು ಬಂದದ್ದು ಬಸ್ಸಿಗೆ ಹೆಂಗೆ ಗೊತ್ತಾಗ್ತದೆ ತಮಾ?" ಅಂದರು.

ಪ್ರಶ್ನೆ ಇರೋದೇ ಅಲ್ಲಿ. ಹುಬ್ಬಳ್ಳಿಯಲ್ಲಿ ರೈಲಿಳಿದರೆ ಸ್ಟೇಷನ್ ಬಳಿಯೇ ಚಿಗರಿ ಬಸ್ ಸಿಗುತ್ತದೆ. ಧಾರವಾಡದವರೆಗೆ ಸುಮಾರು 22 ಕಿ.ಮೀ. ಅದಕ್ಕೆ ಬಹುಪಾಲು ಪ್ರತ್ಯೇಕ ದಾರಿ. ಮಿರ್ಜಾನಕ್ಕೆ ಅಷ್ಟೆಲ್ಲ ಬೇಡ. ಸ್ಟೇಷನ್, ಕೋಟೆ, ಒಳಗಿನ ಹಳ್ಳಿಗಳನ್ನು ಸುತ್ತುವ ಒಂದು ಮಿನಿಬಸ್ ಸಾಕು. ರೈಲು ತಡವಾದರೆ ಅದೂ ಕಾಯಬೇಕು, ಅಷ್ಟೇ. ನಮಗದು ಅನುಕೂಲ, ಅಜ್ಜಿಗೆ ಅಗತ್ಯ.