ಧುಪದಾಳದ ದಾರಿಯ ಚಕ್ರಿಗಳು

ದಾರಿಯಲ್ಲಿ ಇದಿರುಬದಿರಾದವರಲ್ಲಿ ಯಾರು ಯಾರಿಗೆ ಎಡೆ ಬಿಡಬೇಕೆಂಬ ಪ್ರಶ್ನೆಯು ಇಂದಿನದಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಇದಕ್ಕೊಂದು ಪಟ್ಟಿಯೇ ಇರುವದು. ಗಾಲಿಯುಳ್ಳ ವಾಹನವನ್ನೇರಿದವನು, ತೊಂಬತ್ತು ದಾಟಿದ ವೃದ್ಧನು, ರೋಗಿಯು, ಭಾರ ಹೊತ್ತವನು, ಹೆಂಗಸು, ಸ್ನಾತಕನು, ಅರಸನು, ಮದುವಣಿಗನು, ಈ ಎಂಟು ಜನರಿಗೆ ದಾರಿ ಬಿಡತಕ್ಕದ್ದು. ಇವರಲ್ಲಿ ಮೊದಲನೆಯವನಿಗೆ ಅಲ್ಲಿ 'ಚಕ್ರಿ' ಎಂದು ಹೆಸರು. ರಥವನ್ನೋ ಬಂಡಿಯನ್ನೋ ಏರಿದವನೆಂದು ಅದರ ಅರ್ಥ. ತನ್ನ ಕಾಲಿನ ಬಲದಿಂದಲೇ ಚಕ್ರವನ್ನು ತಿರುಗಿಸಿಕೊಂಡು ಹೋಗುವ ಚಕ್ರಿಯನ್ನು ಆ ಕಾಲದವರು ಕಂಡಿರಲಿಲ್ಲ. ಕಂಡಿದ್ದರೆ ಅವನಿಗೆ ಯಾವ ಸ್ಥಾನವನ್ನು ಕೊಡುತ್ತಿದ್ದರೆಂಬದು ವಿಚಾರಕ್ಕೆ ಯೋಗ್ಯವಾದ ಸಂಗತಿಯಾಗಿದೆ.

ಧಾರವಾಡದ ಕುಟುಂಬವೊಂದು ಕಳೆದ ಚಳಿಗಾಲದಲ್ಲಿ ಸವದತ್ತಿ, ಯರಗಟ್ಟಿ, ಗೋಕಾಕಗಳ ಮಾರ್ಗವಾಗಿ ಧುಪದಾಳಕ್ಕೆ ಮೋಟಾರಿನಲ್ಲಿ ಹೊರಟಿತ್ತು. ತಂದೆ, ತಾಯಿ, ಹತ್ತು ವರ್ಷದ ಮಗಳು, ಅಜ್ಜ, ಇಷ್ಟೇ ಮಂದಿ. ಘಟಪ್ರಭೆಗೆ ಧುಪದಾಳದಲ್ಲಿ ಕಟ್ಟಿದ ಒಡ್ಡಿನ ಹಿನ್ನೀರೂ ಅದರ ನಡುಗಡ್ಡೆಗಳೂ ೧೯೭೪ರಿಂದ ಪಕ್ಷಿಧಾಮವೆನಿಸಿವೆ. ಚಳಿಗಾಲಕ್ಕೆ ದೂರದೇಶಗಳಿಂದ ಬರುವ ಕೊಕ್ಕರೆ, ಕ್ರೌಂಚಗಳನ್ನು ನೋಡಬೇಕೆಂಬದೇ ಅವರ ಉದ್ದೇಶ. ಹುಡುಗಿಯು ಹಕ್ಕಿಗಳನ್ನು ಎಣಿಸಿ ಬರೆದಿಡಲು ಒಂದು ವಹಿಯನ್ನು ಕೂಡ ಇಟ್ಟುಕೊಂಡಿದ್ದಳು. ಆದರೆ ಸವದತ್ತಿ ದಾಟುವವರೆಗೆ ಬರೆಯಬಹುದಾದಂಥ ಹಕ್ಕಿಯೊಂದೂ ಕಾಣದೆ, ಬೇಸರ ಕಳೆಯಲೆಂದು ಅವಳು ದಾರಿಯಲ್ಲಿ ಕಂಡ ಸಾಯಕಲ್ಲುಗಳನ್ನು ಎಣಿಸತೊಡಗಿದಳು. ಗೋಕಾಕ ಬರುವಷ್ಟರಲ್ಲಿ ಎರಡು ಪುಟ ತುಂಬಿದವು.

ತಂದೆಗೆ ಇದು ಸೋಜಿಗವೆನಿಸಿತು. ಅದೇ ದಾರಿಯಲ್ಲಿ ಅವನು ಹತ್ತಾರು ಸಲ ಓಡಾಡಿದ್ದನು. ಸಾಯಕಲ್ಲಿನ ಕಾಲವು ಮುಗಿಯಿತೆಂದೇ ಅವನ ಎಣಿಕೆ. ಮೋಟಾರಿನಲ್ಲಿ ಕುಳಿತವನ ಕಣ್ಣಿಗೆ ಮೋಟಾರುಗಳೇ ಕಾಣುವವು. ಉಳಿದವೆಲ್ಲ ಗಿಡಮರಗಳಂತೆ ಹಿಂದೆ ಸರಿದುಹೋಗುವವು. ಎಣಿಸಲು ಕುಳಿತ ಮೇಲೆಯೇ ಅವು ಕಂಡದ್ದು. ಎರಡೂ ಬದಿಗೆ ಹಾಲಿನ ಕ್ಯಾನು ತೂಗಹಾಕಿಕೊಂಡು ಹೊರಟ ಗೌಳಿ. ಹಸಿ ಹುಲ್ಲಿನ ಹೊರೆಯ ಮೇಲೆ ರುಮಾಲು ಮಾತ್ರ ಕಾಣುವ ಒಕ್ಕಲಿಗ. ಸಾಯಕಲ್ಲನ್ನು ನಿಲ್ಲಿಸಿ ಅದರ ಗಾಲಿಯಿಂದಲೇ ಸಾಣೆಕಲ್ಲು ತಿರುಗಿಸುತ್ತ ಊರವರ ಕುಡುಗೋಲು ಮಸೆದುಕೊಡುವವ. ಗಾದಿಯ ಮೇಲೆ ಕೂಡ್ರಲು ಕಾಲೆಟುಕದೆ ನಡುವಿನ ತ್ರಿಕೋಣದೊಳಗೆ ಕಾಲು ತೂರಿಸಿ 'ಅರೆಪಾವಟಿಗೆ' ಹೊಡೆಯುವ ಪೋರ. ಇವರಲ್ಲಿ ಯಾರೂ ವಿಹಾರಕ್ಕೆ ಹೊರಟವರಲ್ಲ.

ಅಂಧಪಂಗುನ್ಯಾಯವೆಂಬದೊಂದುಂಟು. ಕುರುಡನ ಹೆಗಲ ಮೇಲೆ ಹೆಳವನು ಕುಳಿತು ದಾರಿ ತೋರಿಸಲು ಇಬ್ಬರೂ ಊರು ಸೇರುವರು. ಸಾಯಕಲ್ಲಿನ ಸವಾರನನ್ನು ನೋಡಿದಾಗ ಅಜ್ಜನಿಗೆ ಈ ನ್ಯಾಯವು ನೆನಪಾಯಿತು. ಯಂತ್ರಕ್ಕೆ ಓಟವುಂಟು, ಕಣ್ಣಿಲ್ಲ. ಮನುಷ್ಯನಿಗೆ ಕಣ್ಣುಂಟು, ಅಷ್ಟು ಓಟವಿಲ್ಲ. ಆದರೆ ಇಲ್ಲೊಂದು ವಿಶೇಷ: ಹೊರುವ ಕುರುಡನಿಗೆ ಬಲವನ್ನು ಕೊಡುವವನೂ ಮೇಲೆ ಕುಳಿತವನೇ.

ಗೋಕಾಕದ ಸೀಮೆಗೂ ಈ ಯಂತ್ರಕ್ಕೂ ಒಂದು ಕಾಲಸಾಮ್ಯವಿದೆ. ಜಲಪಾತದ ಬದಿಯಲ್ಲಿ ನೂಲಿನ ಗಿರಣಿಯು ಸ್ಥಾಪಿತವಾದದ್ದು ೧೮೮೫ರಲ್ಲಿ. ಅದೇ ವರ್ಷ ಇಂಗ್ಲಂಡದ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬವನು, ಸರಪಳಿಯಿಂದ ಹಿಂದಿನ ಗಾಲಿಯನ್ನು ತಿರುಗಿಸುವ 'ರೋವರ್' ಎಂಬ ಸಾಯಕಲ್ಲನ್ನು ಹೊರತಂದನು. ಇಂದಿನ ಸಾಯಕಲ್ಲುಗಳೆಲ್ಲವೂ ಅದರ ಸಂತತಿಯೇ. ಮೂರು ವರ್ಷಗಳ ಮೇಲೆ, ೧೮೮೮ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ಪನು ಗಾಳಿ ತುಂಬಿದ ರಬ್ಬರಿನ ಟೈರನ್ನು ಕೊಟ್ಟನು. ಧುಪದಾಳದ ಒಡ್ಡು ೧೮೯೭ರದು. ಗಿರಣಿಯು ಹೊಳೆಯ ಬಲದಿಂದ ತಿರುಗಿ ಜನರನ್ನು ಭೋಂಗಾದ ಹೊತ್ತಿಗೆ ತನ್ನ ಬಾಗಿಲಿಗೆ ಕರೆಯಿತು. ಸಾಯಕಲ್ಲು ಜನರ ಬಲದಿಂದ ತಿರುಗಿ ಅವರನ್ನು ಬೇಕಾದಲ್ಲಿಗೆ ಒಯ್ದಿತು. ಸುತ್ತಲಿನ ಊರುಗಳಿಂದ ಪಾಳಿಗೆ ಬರುವವರಿಗೆ ಎರಡನೆಯದಿಲ್ಲದೆ ಮೊದಲನೆಯದು ದೂರವೇ ಆಗಿತ್ತು.

ನಮ್ಮ ಉತ್ತರದ ಜಿಲ್ಲೆಗಳಲ್ಲಿ ಸಾಯಕಲ್ಲಿನ ಮೇಲಿನ ಪ್ರೀತಿಯು ಬರಿಯ ದುಡಿಮೆಯದಲ್ಲ. ವಿಜಯಪುರ, ಬಾಗಲಕೋಟೆಗಳ ಕಡೆಯ ಒಕ್ಕಲು ಮಕ್ಕಳು ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಎಷ್ಟೋ ವರ್ಷಗಳಿಂದ ಪದಕಗಳನ್ನು ಗೆದ್ದು ತರುತ್ತಿರುವರು. ಸ್ಪರ್ಧೆಯ ಸಾಯಕಲ್ಲಿಗೆ ಲಕ್ಷಗಟ್ಟಲೆ ಬೆಲೆ. ಆದರೆ ಅವರ ಅಭ್ಯಾಸವು ನಸುಕಿನಲ್ಲಿ, ಲಾರಿಗಳು ಓಡುವ ಇದೇ ಹೆದ್ದಾರಿಗಳ ಅಂಚಿನಲ್ಲಿ ನಡೆಯುವದು.

ಧುಪದಾಳದಲ್ಲಿ ಕೊಕ್ಕರೆಗಳು ಕಂಡವು, ಹುಡುಗಿಗೆ ಸಂತೋಷವಾಯಿತು. ಆದರೆ ಆ ಪ್ರವಾಸದಲ್ಲಿ ಮನಸ್ಸಿಗೆ ನಾಟಿದ ಸಂಗತಿಯು ಮರಳುವಾಗ, ಗೋಕಾಕ ದಾಟಿದ ಮೇಲೆ ನಡೆಯಿತು. ಸಂಜೆಯ ಹೊತ್ತು. ಕಬ್ಬಿನ ಹಂಗಾಮು. ಎರಡೆರಡು ಡಬ್ಬಿಗಳನ್ನು ಕಟ್ಟಿಕೊಂಡ ಟ್ರಾಕ್ಟರು ಮುಂದೆ ಹೋಗುತ್ತಿದ್ದು, ಕಬ್ಬಿನ ತುದಿಗಳು ಎರಡೂ ಬದಿಗೆ ಮೊಳದುದ್ದ ಚಾಚಿದ್ದವು. ಇದಿರಿನಿಂದ ಒಬ್ಬ ರೈತನು ಸಾಯಕಲ್ಲಿನ ಮೇಲೆ ಬರುತ್ತಿದ್ದನು. ಹಿಂದಿನ ಕ್ಯಾರಿಯರಿನ ಮೇಲೆ ಶಾಲೆಯ ಚೀಲವನ್ನು ಎದೆಗವಚಿಕೊಂಡ ಮಗಳು. ಟ್ರಾಕ್ಟರನ್ನು ಹಿಂದೆ ಹಾಕಲು ಒಂದು ಲಾರಿಯು ಒಮ್ಮೆಲೆ ಬಲಕ್ಕೆ ಹೊರಳಿತು. ರೈತನು ಡಾಂಬರಿನಿಂದ ಕೆಳಗಿಳಿದನು. ಡಾಂಬರಿಗೂ ಬದಿಯ ಮಣ್ಣಿಗೂ ಗೇಣುದ್ದ ಇಳಿಜಾರು. ಮುಂದಿನ ಗಾಲಿಯು ಹೊರಳಿ ಇಬ್ಬರೂ ಮುಳ್ಳಿನ ಕಂಟಿಯಲ್ಲಿ ಬಿದ್ದರು.

ಕುಟುಂಬದವರು ಮೋಟಾರು ನಿಲ್ಲಿಸಿ ಇಳಿದರು. ದೇವರ ದಯೆಯಿಂದ ಮೊಣಕಾಲು ತರಚಿದ್ದರ ಹೊರತು ಹೆಚ್ಚಿನದೇನೂ ಆಗಿರಲಿಲ್ಲ. ತಾಯಿಯು ಹುಡುಗಿಯ ಗಾಯವನ್ನು ತೊಳೆಯುತ್ತಿರಲು ರೈತನು ಹ್ಯಾಂಡಲನ್ನು ತೊಡೆಗಳ ನಡುವೆ ಹಿಡಿದು ನೆಟ್ಟಗೆ ಮಾಡಿಕೊಳ್ಳುತ್ತ, ಸಿಟ್ಟಿಲ್ಲದೆ ಅಂದನು: "ರಸ್ತಾ ದೊಡ್ಡದಾತ್ರಿ, ನಮಗ ಹೋಗಾಕ ಸಣ್ಣದಾತು."

ಆ ಸಾಯಕಲ್ಲು ಹಿರಿಯ ಮಗಳಿಗೆ ಎಂಟನೆಯ ಇಯತ್ತೆಯಲ್ಲಿ ಸರಕಾರದಿಂದ ಬಂದದ್ದು. ೨೦೦೬-೦೭ರಲ್ಲಿ ಕರ್ನಾಟಕ ಸರಕಾರವು ಎಂಟನೆಯ ಇಯತ್ತೆಯ ಮಕ್ಕಳಿಗೆ ಸಾಯಕಲ್ಲು ಹಂಚುವ ಕ್ರಮವನ್ನು ಆರಂಭಿಸಿತ್ತು. ಏಳನೆಯದರವರೆಗೆ ಶಾಲೆಯು ಊರಲ್ಲಿಯೇ ಇರುವದು. ಎಂಟಕ್ಕೆ ಪರವೂರಿಗೆ ಹೋಗಬೇಕು. ಹೆಣ್ಣುಮಕ್ಕಳ ಓದು ನಿಲ್ಲುತ್ತಿದ್ದದ್ದು ಹೆಚ್ಚಾಗಿ ಆ ಎರಡು ಮೂರು ಮೈಲಿಗಳಲ್ಲಿಯೇ. ೨೦೨೦ರಲ್ಲಿ ಮಹಾಮಾರಿಯು ಬಂದ ಮೇಲೆ ಹಂಚಿಕೆಯು ನಿಂತಿತು. ಆದಕಾರಣ ಅಕ್ಕನ ಸಾಯಕಲ್ಲೇ ತಂಗಿಗೂ ಬಂತು. ಅದನ್ನು ಅವಳೊಬ್ಬಳೇ ನಡೆಸಬಲ್ಲಳು. ಆದರೆ ಕಬ್ಬಿನ ಹಂಗಾಮಿನಲ್ಲಿ ತಂದೆಯು ಅವಳನ್ನು ಒಬ್ಬಳನ್ನೇ ಬಿಡುವದಿಲ್ಲ. ತನ್ನ ಹೊಲದ ಕೆಲಸವನ್ನು ಬಿಟ್ಟು ದಿನಕ್ಕೆರಡು ಸಲ ಒಯ್ದು ತರುವನು. ಇಂಥ ಬಿಡುವಿಲ್ಲದ ತಂದೆಯ ಮಗಳು ಮನೆಯಲ್ಲಿಯೇ ಉಳಿಯುವಳೆಂಬದನ್ನು ಬೇರೆ ಹೇಳಬೇಕಾಗಿಲ್ಲ.

ಸ್ಮೃತಿಯ ಪಟ್ಟಿಯನ್ನು ಇಲ್ಲಿಗೆ ಹಚ್ಚಿ ನೋಡಬಹುದು. ಆ ರೈತನು ಚಕ್ರಿಯೂ ಹೌದು, ಭಾರ ಹೊತ್ತವನೂ ಹೌದು. ಹಿಂದೆ ಕುಳಿತವಳು ಸ್ತ್ರೀ, ಅದರ ಮೇಲೆ ವಿದ್ಯಾರ್ಥಿನಿ. ಎಂಟರಲ್ಲಿ ಮೂರು ಹಕ್ಕುಗಳು ಆ ಒಂದು ಸಾಯಕಲ್ಲಿನ ಮೇಲಿದ್ದವು. ಲಾರಿಯವನಿಗಿದ್ದದ್ದು ಚಕ್ರಗಳು ಮಾತ್ರ. ಭಾರವನ್ನು ಹೊತ್ತದ್ದು ಅವನ ಯಂತ್ರವೇ ಹೊರತು ಅವನ ಮೈಯಲ್ಲ. ಪಟ್ಟಿಯ ಮರ್ಮವನ್ನು ನೋಡಿದರೆ, ಸುಲಭವಾಗಿ ಬದಿಗೆ ಸರಿಯಲಾರದವನಿಗೆ ಉಳಿದವರು ಸರಿದುಕೊಡಬೇಕೆಂಬದೇ ಅದರಲ್ಲಿ ಬಹುಮಟ್ಟಿಗೆ ಕಾಣುವದು. ಬಂಡಿಯನ್ನು ದಾರಿಯಿಂದ ಇಳಿಸುವದು ಕಷ್ಟವೆಂದು ಅಂದು ಚಕ್ರಿಯು ಮೊದಲನೆಯವನಾದನು. ಇಂದು ಇಳಿದರೆ ಬೀಳುವವನು ಸಾಯಕಲ್ಲಿನವನು. ಆದರೂ ಇಳಿಯುವವನು ಅವನೇ.

ಇದಕ್ಕೆ ಬೇಕಾದದ್ದು ದೊಡ್ಡ ವೆಚ್ಚವಲ್ಲ. ದಾರಿಯನ್ನು ಅಗಲ ಮಾಡುವಾಗ ಎರಡೂ ಬದಿಗೆ ಮೂರು ಮೊಳದಷ್ಟು ಅಂಚು ಡಾಂಬರಿಗೆ ಸಮನಾಗಿರಬೇಕು. ಕಬ್ಬಿನ ಡಬ್ಬಿಗಳ ಹಿಂದೆ ಕೆಂಪು ದೀಪ ಇರಬೇಕು. ಹಿಂದಿನಿಂದ ಬರುವ ಮೋಟಾರಿನವನು ಕಹಳೆಯೂದುವದಕ್ಕಿಂತ ಮೊದಲು ವೇಗವನ್ನು ತಗ್ಗಿಸಬೇಕು. ಇವುಗಳಲ್ಲಿ ಮೊದಲಿನವೆರಡು ಸರಕಾರದ ಮತ್ತು ಕಾರಖಾನೆಗಳ ಕೈಯಲ್ಲಿರುವವು. ಮೂರನೆಯದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ವಾಚಕರಲ್ಲಿ ಮೋಟಾರು ಉಳ್ಳವರು ಅದನ್ನು ನಾಳೆಯೇ ಆರಂಭಿಸಬಹುದು.