ನೋಡುವುದು ಬೇರೆ, ಗುರಿಯಿಡುವುದು ಬೇರೆ

ಮಕ್ಕಳು ಸೈಕಲ್ ಕೇಳಿದರೆ, ಕ್ರಿಕೆಟ್ ಬ್ಯಾಟ್ ಕೇಳಿದರೆ ಯಾವುದನ್ನು ಕೊಡಿಸಬೇಕೆಂದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುತ್ತದೆ. ಬಂದೂಕಿನ ಮೇಲೆ ಕೂರಿಸುವ ದುರ್ಬೀನು ಕೇಳಿದರೆ? ಎಂಟನೆಯ ತರಗತಿಯಲ್ಲಿ ಓದುವ ನನ್ನ ತಂಗಿಯ ಮಗಳು ಕೇಳಿದ್ದು ಅದನ್ನೇ. ಆರು ತಿಂಗಳಿಂದ ಅವಳು ಶೂಟಿಂಗ್ ತರಬೇತಿಗೆ ಹೋಗುತ್ತಿದ್ದಾಳೆ. ಮನೆಯಲ್ಲಿ ಅಭ್ಯಾಸ ಮಾಡಲೆಂದು ಭಾವ ಒಂದು ಏರ್ ರೈಫಲ್ ತಂದುಕೊಟ್ಟಿದ್ದಾರೆ. ಅದಕ್ಕೊಂದು ಸ್ಕೋಪ್ ಬೇಕು, ಅದೂ ಹದಿನಾರು ಪಟ್ಟು ದೊಡ್ಡದಾಗಿ ತೋರಿಸುವಂಥದ್ದೇ ಬೇಕು ಎಂಬುದು ಅವಳ ಹಟ. ಕಾಲೇಜಿನ ದಿನಗಳಲ್ಲಿ ನಾನು ಎನ್.ಸಿ.ಸಿ.ಯಲ್ಲಿ ರೈಫಲ್ ಹಿಡಿದವನೆಂಬ ಕಾರಣಕ್ಕೆ ತಂಗಿ ಈ ಹೊಣೆಯನ್ನು ನನ್ನ ಹೆಗಲಿಗೇರಿಸಿದಳು.

ಅಂಗಡಿಯಲ್ಲಿ ಸ್ಕೋಪುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಒಂದರ ಮೇಲೆ 4×32 ಎಂದಿತ್ತು. ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಮಸೂರದ ಅಗಲ 32 ಮಿಲಿಮೀಟರ್ ಎಂದು ಅದರರ್ಥ. 32ನ್ನು 4ರಿಂದ ಭಾಗಿಸಿದರೆ 8. ಕಣ್ಣಿಗೆ ಬರುವ ಬೆಳಕಿನ ಕಂಬ ಅಷ್ಟು ದಪ್ಪ. ಮಗುವಿನ ತಲೆ ತುಸು ಅತ್ತಿತ್ತ ಸರಿದರೂ ಚಿತ್ರ ಕಾಣುತ್ತಿರುತ್ತದೆ. 40 ಮಿಲಿಮೀಟರಿನ ಮಸೂರವಿದ್ದು 16 ಪಟ್ಟು ಹಿಗ್ಗಿಸುವ ಸ್ಕೋಪಿನಲ್ಲಿ ಆ ಕಂಬದ ದಪ್ಪ ಎರಡೂವರೆ ಮಿಲಿಮೀಟರ್ ಮಾತ್ರ. ಕೆನ್ನೆ ಸ್ವಲ್ಪ ಜಾರಿದರೂ ಕಣ್ಣೆದುರು ಕತ್ತಲೆ. ಇನ್ನೊಂದು ಸಂಗತಿ: ಸ್ಕೋಪ್ ಗುರಿಯನ್ನು ಮಾತ್ರ ಹಿಗ್ಗಿಸುವುದಿಲ್ಲ, ಕೈಯ ನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ. ಅದನ್ನು ಕಂಡ ಹೊಸಬರು ಗಾಬರಿಯಾಗಿ, ಅಡ್ಡಗೆರೆಗಳು ಗುರಿಯನ್ನು ದಾಟುವ ಆ ಒಂದು ಕ್ಷಣವನ್ನು ಹಿಡಿಯಲು ಹೋಗಿ ಟ್ರಿಗರನ್ನು ಜಗ್ಗಿಬಿಡುತ್ತಾರೆ.

ದೊಡ್ಡ ರೈಫಲುಗಳಿಗೆ ಮಾಡಿದ ಸ್ಕೋಪುಗಳು ಸಾಮಾನ್ಯವಾಗಿ ನೂರು ಗಜದಾಚೆಯ ಗುರಿಗೆ ಹೊಂದಿಸಿದಂಥವು. ಅವುಗಳಲ್ಲಿ ಹತ್ತು ಮೀಟರಿನ ಗುರಿ ಮಸುಕಾಗಿ ಕಾಣುತ್ತದೆ, ಕಣ್ಣು ಸರಿದಂತೆ ಗುರಿಯ ಬಿಂದುವೂ ಸರಿಯುತ್ತದೆ. ಸ್ಪ್ರಿಂಗ್ ಇರುವ ಏರ್ ರೈಫಲಿನ ಪೆಟ್ಟಂತೂ ವಿಚಿತ್ರ. ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ ಜಿಗಿಯುತ್ತದೆ. ಪಿಸ್ಟನ್ ತುದಿ ಮುಟ್ಟಿ ನಿಂತಾಗ ಮುಂದಕ್ಕೆ. ಈ ಎರಡು ಕಡೆಯ ಹೊಡೆತಕ್ಕೆ ಎಷ್ಟೋ ಸ್ಕೋಪುಗಳು ಕೆಟ್ಟುಹೋಗುತ್ತವೆ. ಆದ್ದರಿಂದ ಮನೆಯಂಗಳದ ಆಟಕ್ಕಷ್ಟೇ ಬೇಕೆನ್ನುವವರು ಹತ್ತು ಮೀಟರಿಗೆ ಹೊಂದಿಸಿಕೊಳ್ಳಬಲ್ಲ, ಸ್ಪ್ರಿಂಗ್ ರೈಫಲಿಗೆಂದೇ ಮಾಡಿದ, ನಾಲ್ಕು ಪಟ್ಟಿನ ಸ್ಕೋಪ್ ಕೊಂಡರೆ ಸಾಕು.

ಆದರೆ ನಮ್ಮ ಹುಡುಗಿಗೆ ಸ್ಪರ್ಧೆಗಿಳಿಯುವ ಆಸೆ. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಅಲ್ಲಿರುವುದು ಪೀಪ್ ಸೈಟ್: ಕಣ್ಣಿನ ಬಳಿ ಸಣ್ಣ ತೂತುಳ್ಳ ಬಿಲ್ಲೆ, ನಳಿಗೆಯ ತುದಿಯಲ್ಲಿ ಒಂದು ಉಂಗುರ. ಗುರಿಯ ಕಪ್ಪು ವೃತ್ತವನ್ನು ಉಂಗುರದ ನಡುವೆ ತಂದು ನಿಲ್ಲಿಸಬೇಕು. ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಹತ್ತು ಮೀಟರ್ ದೂರದಿಂದ ಅದು ಬರಿಗಣ್ಣಿಗೆ ಕಾಣುವುದಿಲ್ಲ. ಶೂಟರ್‌ಗೆ ಕಾಣುವುದು ಕಪ್ಪಿನ ಸುತ್ತ ಸಮನಾಗಿ ನಿಂತ ಬಿಳಿಯ ಬಳೆ ಮಾತ್ರ. ಉಳಿದುದನ್ನೆಲ್ಲ ಪಾದ, ಸೊಂಟ, ಉಸಿರು, ಬೆರಳು ನಡೆಸಿಕೊಡಬೇಕು.

2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದುಕೊಟ್ಟದ್ದು ಇದೇ ಸ್ಪರ್ಧೆಯಲ್ಲಿ. ಫೈನಲ್‌ಗೆ ಮುನ್ನ ತಮ್ಮ ರೈಫಲಿನ ಸೈಟ್ ಸ್ಥಾನ ಪಲ್ಲಟವಾಗಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಪರೀಕ್ಷೆಯ ಹೊಡೆತ ದಾರಿತಪ್ಪಿದಾಗ ಅವರು ಅದನ್ನು ಸರಿಪಡಿಸಿಕೊಂಡು ಆಡಿದರು. ಸೈಟಿನ ಒಂದೊಂದು ತಿರುವು ಏನು ಮಾಡುತ್ತದೆಂಬ ಅರಿವಿಲ್ಲದಿದ್ದರೆ ಅಂಥ ಗಳಿಗೆಯಲ್ಲಿ ಎಷ್ಟು ಬೆಲೆಬಾಳುವ ಉಪಕರಣವಿದ್ದರೂ ಪ್ರಯೋಜನವಿರಲಿಲ್ಲ.

ಇಷ್ಟೆಲ್ಲ ವಿವರಿಸಿದ ಮೇಲೂ ಅವಳ ಮುಖ ಅರಳಲಿಲ್ಲ.

“ಸ್ಪರ್ಧೆಗೆ ಬೇಡ ಮಾಮ. ಟೆರೇಸಿನ ಮೇಲೆ ನಿಂತು ನೋಡೋದಕ್ಕೆ.”

“ಏನನ್ನು ನೋಡೋದಕ್ಕೆ?”

“ತೆಂಗಿನ ಮರದಲ್ಲಿರೋ ಗಿಣಿಗಳನ್ನ. ಹೊಡೆಯೋದಕ್ಕಲ್ಲ, ಬರೀ ನೋಡೋದಕ್ಕೆ.”

ನನ್ನನ್ನು ಬೆಚ್ಚಿಬೀಳಿಸಿದ್ದು ಈ ಮಾತು. ಅವಳ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೆ ರೈಫಲಿನ ಮೇಲಿನ ಸ್ಕೋಪಿನಲ್ಲಿ ನಾವು ಏನನ್ನು ನೋಡುತ್ತೇವೋ ಅದರತ್ತ ನಳಿಗೆಯೂ ನೋಡುತ್ತಿರುತ್ತದೆ. ಇಂದು ಗಿಣಿ; ನಾಳೆ ಎದುರುಮನೆಯ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿರುವ ಅಜ್ಜಿ. ಗುಂಡು ತುಂಬಿಲ್ಲವೆಂಬ ನಂಬಿಕೆಯಲ್ಲೇ ಆಗಿಹೋದ ದುರಂತಗಳ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಏರ್ ರೈಫಲಿನ ಸೀಸದ ಗುಂಡೂ ಆಟಿಕೆಯಲ್ಲ. ಒಂದು ಕಣ್ಣನ್ನು ಕಳೆಯಲು, ಒಂದು ಹಕ್ಕಿಯನ್ನು ಕೊಲ್ಲಲು ಅದು ಸಾಕು. ಗಿಣಿಯನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೂ ಹೌದು. ಹೊಡೆಯಲು ಹಕ್ಕಿಲ್ಲದ್ದರ ಕಡೆಗೆ ನಳಿಗೆಯನ್ನು ತಿರುಗಿಸಲೂ ಹಕ್ಕಿಲ್ಲ ಎಂಬ ಪಾಠ ಕೈಗೆ ಅಭ್ಯಾಸವಾಗಬೇಕಾದದ್ದು ಹದಿಮೂರರ ವಯಸ್ಸಿನಲ್ಲೇ.

ಮರುದಿನ ಎರಡು ವಸ್ತುಗಳನ್ನು ಕೊಂಡೆವು. ಒಂದು, ರೈಫಲಿಗೆ ಹೊಂದುವ ಪೀಪ್ ಸೈಟ್. ಇನ್ನೊಂದು, ಕೊರಳಿಗೆ ನೇತುಹಾಕಿಕೊಳ್ಳುವ ಸಣ್ಣ ಬೈನಾಕ್ಯುಲರ್. ಎರಡೂ ಸೇರಿ ಅವಳು ಕೇಳಿದ ಸ್ಕೋಪಿನಷ್ಟೇ ಬೆಲೆಯಾಯಿತು. ಗುರಿಹಲಗೆಯ ಹಿಂದೆ ಮರಳು ತುಂಬಿದ ಪೆಟ್ಟಿಗೆಯಿಡಬೇಕು, ದೊಡ್ಡವರಿಲ್ಲದಾಗ ರೈಫಲ್ ಬೀರುವಿನೊಳಗಿರಬೇಕು, ಟೆರೇಸಿಗೆ ಅದು ಹೋಗಲೇಕೂಡದು ಎಂಬ ಮೂರು ಷರತ್ತುಗಳಿಗೆ ಭಾವನೂ ಅವಳೂ ಒಪ್ಪಿದರು.

ಈಗ ಅವಳ ನೋಟ್‌ಬುಕ್ಕಿನ ಒಂದು ಬದಿಯಲ್ಲಿ ಅಂಕಗಳಿವೆ, ಇನ್ನೊಂದು ಬದಿಯಲ್ಲಿ ಹಕ್ಕಿಗಳ ಹೆಸರುಗಳಿವೆ. ಅಂಕಗಳು ನಿಧಾನವಾಗಿ ಏರುತ್ತಿವೆ; ಹಕ್ಕಿಗಳ ಪಟ್ಟಿ ಬೇಗ ಬೆಳೆಯುತ್ತಿದೆ. ಲೋಕವನ್ನು ಹತ್ತಿರದಿಂದ ನೋಡಬೇಕೆಂಬ ಮಕ್ಕಳ ಹಂಬಲ ದೊಡ್ಡದು, ಅದನ್ನು ನಾವು ತಡೆಯಬಾರದು. ಆ ನೋಟದ ಕೆಳಗೆ ಒಂದು ನಳಿಗೆ ಇಲ್ಲದಂತೆ ನೋಡಿಕೊಳ್ಳುವುದಷ್ಟೇ ಹಿರಿಯರಾದ ನಮ್ಮ ಕೆಲಸ.