ಚಿನ್ನದ ಕಮಲ ಮತ್ತು ಅಪ್ಪನ ಫೈಲು

ನಮ್ಮ ಕನ್ನಡ ಬಳಗದವರು ಈ ಸಲ ನನಗೆ ವಹಿಸಿದ ಕೆಲಸ ಸಣ್ಣದು. ರಾಜ್ಯೋತ್ಸವದ ಸಂಜೆ ‘ತಬರನ ಕಥೆ’ ಚಿತ್ರ ತೋರಿಸುವುದು, ಅದಕ್ಕೆ ಮೊದಲು ನಾನು ಎದ್ದು ನಿಂತು ಗಿರೀಶ್ ಕಾಸರವಳ್ಳಿಯವರಿಗೆ ಬಂದ ಪ್ರಶಸ್ತಿಗಳ ಪಟ್ಟಿ ಓದುವುದು. “ಪಟ್ಟಿ ಓದೋದಕ್ಕೆ ಬುದ್ಧಿ ಬೇಕಿಲ್ಲ, ನೀನೇ ಓದು” ಎಂದರು ಗೆಳೆಯರು. ಒಪ್ಪಿಕೊಂಡೆ.

ಪಟ್ಟಿ ಬರೆಯಲು ಕಾಗದ ಹುಡುಕಬೇಕಾಗಲಿಲ್ಲ. ಒಂದು ಬದಿ ಖಾಲಿ ಇರುವ ಕಾಗದಕ್ಕೆ ನಮ್ಮ ಮನೆಯಲ್ಲಿ ಬರವಿಲ್ಲ. ಎಲ್ಲಾ ನಮ್ಮಪ್ಪನ ಅರ್ಜಿಗಳ ಝೆರಾಕ್ಸು. ಅಪ್ಪ ಅಥಣಿ ಕಡೆಯ ಹಳ್ಳಿಯಿಂದ ಹುಡುಗನಾಗಿದ್ದಾಗಲೇ ಪುಣೆಗೆ ಬಂದವರು. ಕ್ಯಾಂಪಿನ ಒಂದು ಕಚೇರಿಯಲ್ಲಿ (ಹೆಸರು ಬೇಡ) ಮೂವತ್ತನಾಲ್ಕು ವರ್ಷ ಪಟ್ಟೇವಾಲನಾಗಿ ದುಡಿದು ಮೂರು ವರ್ಷದ ಹಿಂದೆ ನಿವೃತ್ತರಾದರು. ಊರ ಶಾಲೆಯ ದಾಖಲೆಯಲ್ಲಿ ಅವರ ಹೆಸರಿನ ಕೊನೆಗೆ ‘ಪ್ಪ’ ಇದೆ. ಇಲ್ಲಿಯ ಯಾವನೋ ಗುಮಾಸ್ತ ಸರ್ವಿಸ್ ಬುಕ್ಕಿನಲ್ಲಿ ಅದನ್ನು ‘ಪಾ’ ಮಾಡಿದ್ದಾನೆ. ‘ಪ್ಪ’ನೂ ‘ಪಾ’ನೂ ಒಬ್ಬನೇ ಮನುಷ್ಯ ಎಂದು ರುಜುವಾತಾಗಬೇಕು. ಮೊದಲ ಆರು ತಿಂಗಳು ತಾತ್ಕಾಲಿಕ ಪಿಂಚಣಿ ಬಂತು, ಆಮೇಲೆ ಅದೂ ನಿಂತಿತು. ಇಪ್ಪತ್ತೈದು ವರ್ಷ ನಿಷ್ಕಳಂಕ ಸೇವೆ ಸಲ್ಲಿಸಿದ್ದಕ್ಕೆ ಅದೇ ಕಚೇರಿ ಕೊಟ್ಟ ಪ್ರಶಸ್ತಿಪತ್ರ ಮಾತ್ರ ನಮ್ಮ ಗೋಡೆಯ ಮೇಲೆ ಕನ್ನಡಿ ಹಾಕಿಸಿಕೊಂಡು ಕೂತಿದೆ. ಅದರಲ್ಲಿ ಹೆಸರು ಮೂರನೆಯ ರೀತಿ!

ಇರಲಿ. ಪಟ್ಟಿಗೆ ಬರುತ್ತೇನೆ.

ಕಾಸರವಳ್ಳಿ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು, ಹುಟ್ಟಿದ್ದು 1950ರಲ್ಲಿ. ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿದವರು. ಮಾತ್ರೆ, ಟಾನಿಕ್ಕಿನ ಲೋಕದಲ್ಲಿ ಕಾಲ ಕಳೆಯಬಹುದಾಗಿದ್ದವರು ಅದನ್ನು ಬಿಟ್ಟು ನಮ್ಮ ಪುಣೆಗೆ ಬಂದು ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ಹಳೆಯ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ 1960ರಲ್ಲಿ ಶುರುವಾದ ಸಂಸ್ಥೆ ಅದು. 1974-75ರಲ್ಲಿ ಅದರ ನಿರ್ದೇಶಕರಾಗಿದ್ದವರು ಗಿರೀಶ್ ಕಾರ್ನಾಡ್. ಎಂದರೆ ಮರಾಠಿಯ ಈ ಊರಿನಲ್ಲಿ, ಲಾ ಕಾಲೇಜ್ ರಸ್ತೆಯ ಒಂದೇ ಕಾಂಪೌಂಡಿನೊಳಗೆ, ಇಬ್ಬರು ಗಿರೀಶರು. ಒಬ್ಬರು ಹೆಡ್‌ಮಾಸ್ತರು, ಒಬ್ಬರು ವಿದ್ಯಾರ್ಥಿ. ಕ್ಯಾಂಪಿನ ನಮಗೆ ಇದು ಗೊತ್ತೇ ಇರಲಿಲ್ಲ ನೋಡಿ. ಕನ್ನಡದ ದೊಡ್ಡ ಕೆಲಸವೆಲ್ಲ ಬೆಂಗಳೂರು, ಧಾರವಾಡ, ಮೈಸೂರಿನಲ್ಲೇ ಆಗುತ್ತದೆ ಎಂದು ನಂಬಿಕೊಂಡವರು ನಾವು.

ಒಂದು ಭಾನುವಾರ ಡೆಕ್ಕನ್ ಬಸ್ಸು ಹಿಡಿದು, ಅಲ್ಲಿಂದ ನಡೆದು, ಆ ಗೇಟಿನವರೆಗೂ ಹೋಗಿ ಬಂದೆ. ಒಳಗೆ ಹೋಗಲು ಧೈರ್ಯ ಸಾಲಲಿಲ್ಲ. ಒಳಗಡೆ ಒಂದು ಮಾವಿನ ಮರವಿದೆಯಂತೆ, ಅದರ ಕೆಳಗೆ ಕೂತು ಹುಡುಗರು ರಾತ್ರಿಯೆಲ್ಲ ಸಿನಿಮಾ ಕುರಿತು ಜಗಳವಾಡುತ್ತಿದ್ದರಂತೆ. ಹೊರಗಿನ ಟಪರಿಯಲ್ಲಿ ಚಹಾ ಕುಡಿದು ವಾಪಸು ಬಂದೆ.

ಅಲ್ಲಿ ಮಾಡಿದ ಡಿಪ್ಲೊಮಾ ಚಿತ್ರ ‘ಅವಶೇಷ್’ಗೆ ರಜತ ಕಮಲ ಬಂತು. ಓದು ಮುಗಿಯುವ ಹೊತ್ತಿಗೆ ಬಿ. ವಿ. ಕಾರಂತರ ‘ಚೋಮನ ದುಡಿ’ಗೆ ಸಹಾಯಕರಾಗಿ ದುಡಿದರು. ಆ ಚಿತ್ರಕ್ಕೆ 1975ರ ಸ್ವರ್ಣ ಕಮಲ. ಇನ್ನೆರಡು ವರ್ಷಕ್ಕೆ ಅವರದೇ ಮೊದಲ ಚಿತ್ರ, ಅನಂತಮೂರ್ತಿಯವರ ಕಥೆಯ ‘ಘಟಶ್ರಾದ್ಧ’. ಅದಕ್ಕೂ ಸ್ವರ್ಣ ಕಮಲ. ಆಗ ಅವರಿಗೆ ಇಪ್ಪತ್ತೇಳು. ನನಗೆ ಇಪ್ಪತ್ತು ತುಂಬಿದೆ, ಇನ್ನೂ ಬ್ಯಾಕ್‌ಲಾಗ್ ಉಳಿದಿದೆ. ಆಮೇಲೆ 1986ರ ‘ತಬರನ ಕಥೆ’, 1997ರ ‘ತಾಯಿ ಸಾಹೇಬ’, 2001ರ ಸಾಲಿನ ‘ದ್ವೀಪ’. ಒಟ್ಟು ನಾಲ್ಕು ಚಿನ್ನದ ಕಮಲ. 2011ರಲ್ಲಿ ಪದ್ಮಶ್ರೀ. ನಡುವೆ ಟಿ.ವಿ.ಗೆ ಭೈರಪ್ಪನವರ ‘ಗೃಹಭಂಗ’ವನ್ನು ಧಾರಾವಾಹಿ ಮಾಡಿದರು. 2024ರಲ್ಲಿ ‘ಘಟಶ್ರಾದ್ಧ’ದ ಹಳೆಯ ರೀಲನ್ನು ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು.

ಬರೆಯುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಇವರ ಪಟ್ಟಿಯಲ್ಲಿ ಇವರ ಹೆಸರಿಗಿಂತ ಬೇರೆಯವರ ಹೆಸರೇ ಜಾಸ್ತಿ. ‘ತಬರನ ಕಥೆ’ಯಿಂದ ಚಾರುಹಾಸನ್ ಶ್ರೇಷ್ಠ ನಟ. ‘ಹಸೀನಾ’ದಿಂದ ತಾರಾ ಶ್ರೇಷ್ಠ ನಟಿ, ‘ಗುಲಾಬಿ ಟಾಕೀಸ್’ನಿಂದ ಉಮಾಶ್ರೀ. ‘ದ್ವೀಪ’ದ ಮಳೆಯನ್ನು ಹಿಡಿದ ಛಾಯಾಗ್ರಾಹಕ ರಾಮಚಂದ್ರ ಹಾಲ್ಕೆರೆಯವರಿಗೆ ಒಂದು. ‘ತಾಯಿ ಸಾಹೇಬ’ದ ಸೀರೆ ಕುಪ್ಪಸಗಳಿಗೆ, ಎಂದರೆ ವಸ್ತ್ರವಿನ್ಯಾಸಕ್ಕೆ, ವೈಶಾಲಿ ಕಾಸರವಳ್ಳಿಯವರಿಗೆ ಒಂದು. ಎಲ್ಲ ರಾಷ್ಟ್ರಪ್ರಶಸ್ತಿಗಳೇ. ಒಬ್ಬನ ಮನೆಯ ಮದುವೆಯಲ್ಲಿ ಊರಿಗೆಲ್ಲ ಊಟ ಆದ ಹಾಗೆ.

ಮನೆಯಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಿ ನೋಡಿದೆ. ಅಪ್ಪ ಅಡಕೆ ಕತ್ತರಿಸುತ್ತ ಕೇಳಿಸಿಕೊಂಡರು.

“ಈ ತಬರ ಅಂದ್ರ ಯಾರೋ ತಮ್ಮಾ?”

ಹೇಳಿದೆ. ತೇಜಸ್ವಿಯವರ ಕಥೆ. ಮುನಿಸಿಪಾಲಿಟಿಯ ಜವಾನ. ನಿವೃತ್ತನಾದ ಮೇಲೆ ಪಿಂಚಣಿಗೆ ಓಡಾಡುತ್ತಾನೆ. ಹೆಂಡತಿಯ ಕಾಲಿನ ಗಾಯ ಕೊಳೆಯುತ್ತ ಹೋಗುತ್ತದೆ, ಔಷಧಕ್ಕೆ ದುಡ್ಡು ಬೇಕು, ದುಡ್ಡು ಕಚೇರಿಯಲ್ಲಿದೆ. ಹೇಳುತ್ತ ಹೇಳುತ್ತ ನನ್ನ ದನಿ ಇಳಿಯಿತು. ಯಾರ ಮುಂದೆ ಏನು ಹೇಳುತ್ತಿದ್ದೇನೆ ಎಂದು ಆಗ ಹೊಳೆಯಿತು. ಅಮ್ಮ ಒಳಗೆ ಪಾತ್ರೆ ಸದ್ದು ಮಾಡಿದಳು.

“ಕಡೀಕ ಸಿಕ್ತೇನು ಅವಗ?”

“ಇಲ್ಲ ಅಪ್ಪಾ. ಹೊತ್ತಿಗೆ ಸಿಗೂದಿಲ್ಲ.”

“ಮತ್ತ ಬಹುಮಾನ ಕೊಟ್ಟವರು ಯಾರು?”

“ಸರಕಾರ.”

ಅಪ್ಪ ನಕ್ಕರು. ಜೋರಾಗಿ ಅಲ್ಲ.

ನನಗೆ ಮಾತ್ರ ಸಿಟ್ಟು ಬಂತು. ಜವಾನನಿಗೆ ಪಿಂಚಣಿ ಕೊಡದ ವ್ಯವಸ್ಥೆ, ಕೊಡಲಿಲ್ಲ ಎಂದು ತೋರಿಸಿದವರಿಗೆ ಚಿನ್ನದ ಕಮಲ ಕೊಡುತ್ತದೆ! ಇದು ಕಪಟ, ಇದನ್ನೇ ಭಾಷಣದಲ್ಲಿ ಹೇಳುತ್ತೇನೆ, ಕಾಸರವಳ್ಳಿ ಅದನ್ನು ವಾಪಸು ಕೊಡಬೇಕಿತ್ತು ಎನ್ನುತ್ತೇನೆ ಎಂದು ಹಾರಾಡಿದೆ. (ನಮ್ಮ ವಯಸ್ಸಿನಲ್ಲಿ ಬೇರೆಯವರ ಪ್ರಶಸ್ತಿ ವಾಪಸು ಕೊಡಿಸುವುದು ಬಹಳ ಸುಲಭ.) ಅಪ್ಪ ಅಡಕೆಯ ಚೂರು ಬಾಯಿಗೆ ಹಾಕಿಕೊಂಡು ಅಂದರು:

“ಹಂಗಲ್ಲಪಾ. ಬಹುಮಾನ ಕೊಡಾಕ ಒಂದ ಸಮಿತಿ ಇರ್ತೈತಿ. ಪಿಂಚಣಿ ಕೊಡಾಕ ಒಬ್ಬ ಗುಮಾಸ್ತ ಇರ್ತಾನ. ಸಮಿತಿಯವರು ಶಾಣ್ಯಾರು, ನಾಕ ದಿನ ಕುಂತು ನೋಡ್ತಾರ. ಗುಮಾಸ್ತಗ ನೋಡಾಕ ಹೊತ್ತೆಲ್ಲಿ ಐತಿ?”

ಸಂಜೆಯ ದಿನ ಅಪ್ಪನೂ ಬಂದರು. ಸಿನಿಮಾಕ್ಕಲ್ಲ, ಕುರ್ಚಿ ಹಾಕಲಿಕ್ಕೆ. ಎಲ್ಲಿ ಸಭೆ ಆದರೂ ಅವರ ಕೈ ಸುಮ್ಮನಿರುವುದಿಲ್ಲ. ನಾವು ಅಡ್ಡಾದಿಡ್ಡಿ ಇಟ್ಟಿದ್ದ ಕುರ್ಚಿಗಳನ್ನು ಎರಡು ನಿಮಿಷದಲ್ಲಿ ದಾರ ಹಿಡಿದಂತೆ ಸಾಲು ಮಾಡಿದರು. ಎಲ್ಲರೂ ಕೂತರು. “ಅಪ್ಪಾ, ಕೂಡ್ರಿ” ಅಂದೆ. “ನೀ ನಿನ್ನ ಕೆಲಸ ನೋಡು” ಎಂದು ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಂತರು.

ನಾನು ಪಟ್ಟಿ ಓದಿದೆ. ಹಾಳೆ ತಿರುವಿದಾಗ ಬೆಳಕಿನಲ್ಲಿ ಹಿಂಬದಿಯ ಅಕ್ಷರಗಳು ಮೂಡಿ, ‘ಸ್ವರ್ಣ ಕಮಲ’ದ ಮೇಲೆ ‘ಮಾನ್ಯರೇ, ತಮ್ಮಲ್ಲಿ ವಿನಂತಿ’ ಎಂದು ಕಾಣಿಸಿತು. ಎರಡು ಸಲ ತಡವರಿಸಿದೆ. ಹುಡುಗಿಯರು ನಕ್ಕರು. ವ್ಯವಸ್ಥೆಯ ಕಪಟದ ಭಾಷಣ ಬಾಯಿಗೆ ಬರಲೇ ಇಲ್ಲ.

ಒಂದಿಷ್ಟು ಮಾತ್ರ ಹೇಳಿದೆ. ಇಂಥ ಚಿತ್ರಗಳಿಗೆ ಟಾಕೀಸು ಸಿಗುವುದು ಕಷ್ಟ. 1980ರ ದಶಕದಲ್ಲಿ ಭಾನುವಾರ ಮಧ್ಯಾಹ್ನ ದೂರದರ್ಶನದವರು ಬೇರೆ ಬೇರೆ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ತೋರಿಸುತ್ತಿದ್ದರು. ಕ್ಯಾಂಪಿನ ವಠಾರಗಳಲ್ಲಿ ಮರಾಠಿಯವರು, ತಮಿಳರು, ನಾವು ಎಲ್ಲ ಒಂದೇ ಟಿ.ವಿ. ಮುಂದೆ ಕೂತು ನೋಡುತ್ತಿದ್ದುದನ್ನು ಅಮ್ಮ ಈಗಲೂ ಹೇಳುತ್ತಾಳೆ. ಪ್ರಶಸ್ತಿ ಎಂಬ ಚೀಟಿ ಇಲ್ಲದಿದ್ದರೆ ಎಷ್ಟೋ ಚಿತ್ರಗಳು ಅಲ್ಲಿಗೂ ಬರುತ್ತಿರಲಿಲ್ಲ. ಇಷ್ಟು ಹೇಳಿ ಕೂತೆ.

ದೀಪ ಆರಿತು. ಚಿತ್ರ ಶುರುವಾಯಿತು. ನಾನು ಪರದೆ ನೋಡಿದ್ದು ಅರ್ಧ, ಹಿಂತಿರುಗಿ ಗೋಡೆ ನೋಡಿದ್ದು ಅರ್ಧ. ಅಪ್ಪ ಕೈ ಕಟ್ಟಿ ನಿಂತೇ ಇದ್ದರು. ತಬರನ ಹೆಂಡತಿಯ ಕಾಲು ಕಾಣಿಸಿದಾಗ ಮಾತ್ರ ತಲೆ ತಗ್ಗಿಸಿದರು. ಮುಗಿದ ಮೇಲೆ ಯಾರ ಜೊತೆಗೂ ಮಾತಾಡದೆ ಕುರ್ಚಿ ಮಡಚಿ ಒಂದರ ಮೇಲೊಂದು ಇಟ್ಟರು.

ಈಸ್ಟ್ ಸ್ಟ್ರೀಟಿನ ಮೇಲೆ ನಡೆದು ಮನೆಗೆ ಬರುವಾಗ ನಾನೇ ಕೇಳಿದೆ, ಹೆಂಗಿತ್ತು ಅಂತ.

“ಆ ಮನಷಾ ಖರೇನ ಪಟ್ಟೇವಾಲ ಇದ್ದನೇನೋ?”

“ಇಲ್ಲ ಅಪ್ಪಾ. ತಮಿಳಿನವರು. ವಕೀಲರಾಗಿದ್ದವರು.”

ಅಪ್ಪ ರಸ್ತೆಯಲ್ಲೇ ನಿಂತುಬಿಟ್ಟರು. “ಸುಳ್ಳ ಹೇಳಬ್ಯಾಡ. ಸಾಹೇಬರ ಟೇಬಲ್ ಮುಂದ ಅವ ನಿಂತಾಗ ನೋಡಿದೇನು? ಮೈಯೆಲ್ಲ ನೆಟ್ಟಗ, ಕುತಿಗಿ ಅಷ್ಟ ಮುಂದ. ಹಂಗ ನಿಲ್ಲಾಕ ನನಗ ಹತ್ತ ವರ್ಷ ಹಿಡೀತು.” ಎಂ.ಜಿ. ರಸ್ತೆಯ ಬೆಳಕು ಮುಖದ ಮೇಲೆ ಬೀಳುತ್ತಿತ್ತು, ಹೋಗುವವರು ನೋಡುತ್ತಿದ್ದರು, ಅಪ್ಪ ಹಾಗೆ ನಿಂತು ತೋರಿಸಿದರು. ಆಮೇಲೆ ಅಂದರು, “ಮಾಡಿಸಿದವರು ಯಾರಿದ್ದಾರಲ್ಲ, ಅವರು ಯಾವುದರೆ ಕಚೇರಿಯೊಳಗ ಭಾಳ ದಿನ ಬಾಕಿನ ಮ್ಯಾಲ ಕುಂತು ನೋಡಿರಬೇಕು. ಅವರಿಗೆ ಕೊಟ್ಟದ್ದು ಬರೋಬರಿ ಐತಿ.”

ಪಟ್ಟಿಯಲ್ಲಿ ಇದನ್ನೂ ಬರೆದುಕೊಳ್ಳಬೇಕು ಅನ್ನಿಸಿತು. ಯಾವ ಸಾಲಿನಲ್ಲಿ, ಯಾವ ಇಸವಿಗೆ ಎಂದು ತಿಳಿಯಲಿಲ್ಲ.

ಸೋಮವಾರ ಅಪ್ಪನ ಜೊತೆ ನಾನೂ ಕಚೇರಿಗೆ ಹೋದೆ, ಮೊದಲ ಸಲ. ಬಾಗಿಲಲ್ಲಿ ಈಗಿನ ಪಟ್ಟೇವಾಲ ಅಪ್ಪನ ಕಾಲು ಮುಟ್ಟಿದ. ಒಳಗೆ ಗುಮಾಸ್ತ ಫೈಲು ತೆಗೆದು, ಅಫಿಡವಿಟ್ ನೋಡಿ, ಶಾಲೆಯ ದಾಖಲೆ ಕನ್ನಡದಲ್ಲಿದೆ, ಅನುವಾದ ಬೇಕು, ಅದರ ಮೇಲೆ ನೋಟರಿ ಸಹಿ ಬೇಕು ಎಂದ. ನಾನು ಬಾಯಿ ತೆರೆದೆ. ಅಪ್ಪ ಟೇಬಲ್ ಕೆಳಗೆ ನನ್ನ ಕೈ ಅದುಮಿದರು. ಮೈಯೆಲ್ಲ ನೆಟ್ಟಗೆ, ಕುತ್ತಿಗೆ ಅಷ್ಟೇ ಮುಂದೆ.

ಅನುವಾದ ನಾನೇ ಮಾಡುತ್ತಿದ್ದೇನೆ. ‘ಪ್ಪ’ ಅನ್ನುವುದನ್ನು ಮರಾಠಿಯಲ್ಲಿ ಎರಡು ಪಕಾರ ಹಾಕಿಯೇ ಬರೆದಿದ್ದೇನೆ. ಮುಂದಿನ ಸೋಮವಾರ ಬರಹೇಳಿದ್ದಾರೆ.